ಒಲೆಯ ಬೂದಿಯಿಂದ ಎದೆಯ ಬಡಿತದವರೆಗೆ

ಗ್ಯಾಸ್ ಒಲೆ ಬರುವ ಮುಂಚೆ ನಮ್ಮ ಮನೆಗಳಲ್ಲಿ ಬೂದಿಯನ್ನು ಯಾರೂ ಸುಮ್ಮನೆ ಎಸೆಯುತ್ತಿರಲಿಲ್ಲ. ದೇಗ್ಚಿಯ ತಳದ ಮಸಿ ಉಜ್ಜಲು ಬೂದಿ, ಅವರೆ-ತೊಗರಿ ಬೀಜಕ್ಕೆ ಹುಳು ಹಿಡಿಯದಿರಲು ಬೂದಿ, ಹಿತ್ತಿಲಿನ ಕುಂಬಳದ ಬಳ್ಳಿಯ ಬುಡಕ್ಕೂ ಬೂದಿ. ಅಜ್ಜಿಯಂದಿರಿಗೆ ಇದನ್ನು ಯಾವ ಪುಸ್ತಕವೂ ಕಲಿಸಿರಲಿಲ್ಲ. ಆದರೆ ಅವರ ಕೈಯಲ್ಲಿದ್ದ ಆ ಬೂದಿಯೊಳಗೆ ಒಂದು ಲೋಹ ಅಡಗಿತ್ತು. ಅದರ ಹೆಸರು ಪೊಟ್ಯಾಸಿಯಂ. ಹೊಲದ ಗೊಬ್ಬರದಲ್ಲಿ, ಬೆಂಕಿಕಡ್ಡಿಯ ತುದಿಯಲ್ಲಿ, ಉಪ್ಪಿನ ಪೊಟ್ಟಣದಲ್ಲಿ, ಇಫ್ತಾರಿನ ಖರ್ಜೂರದಲ್ಲಿ, ಕೊನೆಗೆ ನಮ್ಮ ಎದೆಯ ಬಡಿತದಲ್ಲೂ ಇರುವ ಈ ಲೋಹದ ಪರಿಚಯವನ್ನು ಈ ತಿಂಗಳು ಮಾಡಿಕೊಳ್ಳೋಣ.

ಹೆಸರು ಬಂದದ್ದು ಬೂದಿಯಿಂದ

ಹಿಂದೆ ಯುರೋಪಿನಲ್ಲಿ ಕಟ್ಟಿಗೆಯ ಬೂದಿಯನ್ನು ನೀರಿನಲ್ಲಿ ಕದಡಿ, ತಿಳಿಯನ್ನು ದೊಡ್ಡ ಪಾತ್ರೆಯಲ್ಲಿ ಕಾಯಿಸಿ ಇಂಗಿಸುತ್ತಿದ್ದರು. ತಳದಲ್ಲಿ ಉಳಿಯುತ್ತಿದ್ದ ಬಿಳಿಯ ಉಪ್ಪಿಗೆ 'ಪಾತ್ರೆಯ ಬೂದಿ' ಎಂಬ ಅರ್ಥದಲ್ಲಿ ಪೊಟ್ಯಾಷ್ ಎಂದು ಕರೆದರು. ಪೊಟ್ಯಾಸಿಯಂ ಎಂಬ ಹೆಸರು ಹುಟ್ಟಿದ್ದು ಅದರಿಂದ. ಆದರೆ ಶಾಲೆಯ ಪುಸ್ತಕದಲ್ಲಿ ಈ ಲೋಹದ ಸಂಕೇತ 'ಕೆ' ಎಂದಿದೆ. 'ಪಿ' ಅಲ್ಲ, 'ಕೆ' ಏಕೆ ಎಂದು ಮಕ್ಕಳು ಕೇಳಿದರೆ ಹೀಗೆ ಹೇಳಿ: ಗಿಡಗಳನ್ನು ಸುಟ್ಟು ಮಾಡಿದ ಬೂದಿಗೆ ಅರಬಿ ಭಾಷೆಯಲ್ಲಿ 'ಅಲ್-ಖಲಿ' ಎನ್ನುತ್ತಿದ್ದರು. ಅದೇ ಮಾತು ಲ್ಯಾಟಿನ್‌ಗೆ ಹೋಗಿ 'ಕಾಲಿಯಂ' ಆಯಿತು. 'ಕೆ' ಅದರ ಮೊದಲ ಅಕ್ಷರ. ಕ್ಷಾರಗಳನ್ನು ಇಂದಿಗೂ ಜಗತ್ತಿನೆಲ್ಲೆಡೆ 'ಆಲ್ಕಲಿ' ಎಂದು ಕರೆಯುವುದೂ ಈ ಅರಬಿ ಪದದಿಂದಲೇ.

ಬೂದಿಯ ಉಪ್ಪಿನೊಳಗೆ ಲೋಹವಿದೆ ಎಂದು ತೋರಿಸಿಕೊಟ್ಟವರು ಇಂಗ್ಲೆಂಡಿನ ಹಂಫ್ರಿ ಡೇವಿ. 1807ರಲ್ಲಿ ಅವರು ಕರಗಿದ ಪೊಟ್ಯಾಷ್ ಕ್ಷಾರದ ಮೂಲಕ ವಿದ್ಯುತ್ ಹರಿಸಿದಾಗ ಬೆಳ್ಳಿಯಂತೆ ಹೊಳೆಯುವ ಪುಟ್ಟ ಗುಂಡುಗಳು ಕಾಣಿಸಿಕೊಂಡವು. ವಿದ್ಯುತ್ತಿನ ಸಹಾಯದಿಂದ ಬೇರ್ಪಡಿಸಿದ ಮೊದಲ ಲೋಹ ಇದು.

ವಿಚಿತ್ರ ಸ್ವಭಾವದ ಲೋಹ

ಲೋಹ ಎಂದಕೂಡಲೇ ನಮಗೆ ಕಬ್ಬಿಣ, ತಾಮ್ರ ನೆನಪಾಗುತ್ತವೆ. ಪೊಟ್ಯಾಸಿಯಂ ಹಾಗಲ್ಲ. ಇದನ್ನು ಅಡುಗೆಮನೆಯ ಚಾಕುವಿನಿಂದ ಬೆಣ್ಣೆಯಂತೆ ಕತ್ತರಿಸಬಹುದು. ಸುಮಾರು 63 ಡಿಗ್ರಿ ಸೆಲ್ಸಿಯಸ್ ಬಿಸಿಗೇ ಕರಗಿಬಿಡುತ್ತದೆ. ನೀರಿಗಿಂತ ಹಗುರ. ಆದರೆ ನೀರಿಗೂ ಇದಕ್ಕೂ ಆಗಿಬರುವುದಿಲ್ಲ. ನೀರಿಗೆ ಬಿದ್ದರೆ ಸದ್ದು ಮಾಡುತ್ತಾ ಮೇಲೆ ಓಡಾಡಿ, ತಿಳಿ ನೇರಳೆ ಬಣ್ಣದ ಜ್ವಾಲೆಯಿಂದ ಉರಿಯುತ್ತದೆ. ಗಾಳಿಗೆ ಇಟ್ಟರೆ ಸ್ವಲ್ಪ ಹೊತ್ತಿನಲ್ಲೇ ಹೊಳಪು ಹೋಗಿ ಮಂಕಾಗುತ್ತದೆ. ಆದ್ದರಿಂದ ಪ್ರಯೋಗಾಲಯಗಳಲ್ಲಿ ಇದನ್ನು ಸೀಮೆಎಣ್ಣೆಯಂತಹ ಎಣ್ಣೆಯಲ್ಲಿ ಮುಳುಗಿಸಿ ಇಡುತ್ತಾರೆ.

ಇಷ್ಟು ಚುರುಕಾದ ವಸ್ತು ಪ್ರಕೃತಿಯಲ್ಲಿ ಒಂಟಿಯಾಗಿ ಸಿಗಲಾರದು. ಯಾವಾಗಲೂ ಬೇರೆ ಧಾತುಗಳ ಜೊತೆ ಸೇರಿ ಲವಣವಾಗಿಯೇ ಇರುತ್ತದೆ. ಜೊತೆ ಸೇರಿದ ಮೇಲೆ ಅದರ ಸ್ವಭಾವವೇ ಬದಲು. ಬಾಳೆಹಣ್ಣಿನಲ್ಲಿರುವುದೂ ಪೊಟ್ಯಾಸಿಯಮ್ಮೇ, ಆದರೆ ಅದು ಬೆಂಕಿ ಹಚ್ಚುವುದಿಲ್ಲ.

ಭೂಮಿಯ ಹೊರಪದರದಲ್ಲಿ ಶೇಕಡಾ 2ಕ್ಕಿಂತ ತುಸು ಹೆಚ್ಚು ಭಾಗ ಪೊಟ್ಯಾಸಿಯಂ. ನಮ್ಮ ಕಡೆಯ ಬಂಡೆಗಳಲ್ಲಿ ಕಾಣುವ ತಿಳಿಗೆಂಪು ಹರಳುಗಳಲ್ಲಿ ಅದು ಕೂತಿದೆ. ಬಂಡೆ ಸವೆದು ಮಣ್ಣಾದಾಗ ನಿಧಾನವಾಗಿ ಹೊರಬಂದು ಗಿಡದ ಬೇರಿಗೆ ಸಿಗುತ್ತದೆ. ಇನ್ನೊಂದು ಸೋಜಿಗವೂ ಇದೆ. ಪೊಟ್ಯಾಸಿಯಂನ ಪ್ರತಿ ಹತ್ತು ಸಾವಿರ ಪರಮಾಣುಗಳಲ್ಲಿ ಒಂದರಷ್ಟು ಸ್ವಭಾವತಃ ವಿಕಿರಣ ಸೂಸುವಂಥದ್ದು. ಅದು ಅರ್ಧಕ್ಕಿಳಿಯಲು 125 ಕೋಟಿ ವರ್ಷ ಬೇಕು. ಇಷ್ಟು ನಿಧಾನವಾದ್ದರಿಂದಲೇ ಬಂಡೆಗಳ ವಯಸ್ಸು ಅಳೆಯಲು ಇದು ಗಡಿಯಾರವಾಗಿದೆ. ಹಿಂದೆ ಎಚ್.ಡಿ. ಕೋಟೆ ತಾಲೂಕಿನಲ್ಲಿದ್ದು ಈಗ ತಾನೇ ತಾಲೂಕಾಗಿರುವ ಸರಗೂರಿನ ಹೆಸರು ಭೂವಿಜ್ಞಾನಿಗಳಿಗೆಲ್ಲ ಗೊತ್ತು. ಅಲ್ಲಿನ ಶಿಲೆಗಳು 300 ಕೋಟಿ ವರ್ಷಕ್ಕೂ ಹಳೆಯವು. ಅಂಥ ವಯಸ್ಸನ್ನು ಲೆಕ್ಕ ಹಾಕುವುದು ವಿಕಿರಣದ ಇಂತಹ ಗಡಿಯಾರಗಳಿಂದಲೇ.

ಹೊಗೆಸೊಪ್ಪಿನ ಹೊಲದಲ್ಲಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಕಡೆ ಮುಂಗಾರಿನಲ್ಲಿ ಪಯಣಿಸಿದವರಿಗೆ ಹೊಗೆಸೊಪ್ಪಿನ ಹೊಲಗಳು, ಅವುಗಳ ನಡುವೆ ಎತ್ತರದ ಬ್ಯಾರನ್‌ಗಳು ಪರಿಚಿತ ನೋಟ. ಇಲ್ಲಿ ಬೆಳೆಯುವುದು ಸಿಗರೇಟಿಗೆ ಹೋಗುವ ವರ್ಜೀನಿಯಾ ತಂಬಾಕು. ಬ್ಯಾರನ್‌ನೊಳಗೆ ಕೊಳವೆಗಳ ಮೂಲಕ ಬಿಸಿ ಹಾಯಿಸಿ ಸೊಪ್ಪನ್ನು ಹದ ಮಾಡುತ್ತಾರೆ. ತಂಬಾಕು ಮಂಡಳಿ 1976ರಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ 1984ರಿಂದ ಮಂಡಳಿಯ ಹರಾಜು ಪದ್ಧತಿ ಜಾರಿಗೆ ಬಂತು.

ಈ ಸೊಪ್ಪಿಗೂ ಪೊಟ್ಯಾಸಿಯಂಗೂ ಬಿಡದ ನಂಟು. ತಂಬಾಕಿನ ಗಿಡ ಮಣ್ಣಿನಿಂದ ಪೊಟ್ಯಾಸಿಯಂ ಅನ್ನು ಹೇರಳವಾಗಿ ಹೀರಿಕೊಳ್ಳುತ್ತದೆ. ಎಲೆಯ ಬಣ್ಣ, ಹದ, ಸಮನಾಗಿ ಉರಿಯುವ ಗುಣ ಇವೆಲ್ಲಕ್ಕೂ ಅದು ಬೇಕು. ಇಲ್ಲಿನ ಮಣ್ಣು ಮರಳು ಮಿಶ್ರಿತ ಹಗುರ ಕೆಂಪು ಮಣ್ಣು. ಜೋರು ಮಳೆಗೆ ಪೊಟ್ಯಾಸಿಯಂ ಕೆಳಗಿಳಿದು ಹೋಗುತ್ತದೆ. ಆದ್ದರಿಂದ ಒಂದೇ ಸಲ ಸುರಿಯದೆ ಕಂತುಗಳಲ್ಲಿ ಕೊಡುತ್ತಾರೆ.

ಗೊಬ್ಬರದ ಅಂಗಡಿಯಲ್ಲಿ ಎರಡು ಬಗೆಯ ಪೊಟ್ಯಾಷ್ ಸಿಗುತ್ತದೆ. ಒಂದು ಮ್ಯುರಿಯೇಟ್ ಆಫ್ ಪೊಟ್ಯಾಷ್, ಅಂದರೆ ಪೊಟ್ಯಾಸಿಯಂ ಕ್ಲೋರೈಡ್. ಸಾಮಾನ್ಯವಾಗಿ ಕೆಂಪು ಹರಳಿನಂತೆ ಇರುತ್ತದೆ, ಬೆಲೆಯೂ ಕಡಿಮೆ. ಇನ್ನೊಂದು ಸಲ್ಫೇಟ್ ಆಫ್ ಪೊಟ್ಯಾಷ್. ಭತ್ತಕ್ಕೆ, ರಾಗಿಗೆ ಮೊದಲನೆಯದು ಸಾಕು. ಹೊಗೆಸೊಪ್ಪಿಗೆ ಮಾತ್ರ ಅದು ಆಗದು. ಅದರಲ್ಲಿರುವ ಕ್ಲೋರಿನ್ ಎಲೆಗೆ ಸೇರಿದರೆ ಎಲೆ ತೇವ ಹಿಡಿದು ಸರಿಯಾಗಿ ಉರಿಯುವುದಿಲ್ಲ, ಹರಾಜಿನಲ್ಲಿ ದರ ಬೀಳುತ್ತದೆ. ಮನೆಯ ಗಂಡಸರು ಊರಲ್ಲಿಲ್ಲದಾಗ ಗೊಬ್ಬರ ತರುವ ಹೊಣೆ ನಿಮ್ಮದಾದರೆ ಚೀಲದ ಮೇಲಿನ ಹೆಸರು ಓದಿ ತನ್ನಿ. ಚೀಲದ ಮೇಲೆ ಅಡ್ಡಗೆರೆಗಳ ನಡುವೆ ಮೂರು ಅಂಕಿಗಳಿರುತ್ತವೆ. ಮೊದಲನೆಯದು ಸಾರಜನಕ, ಎರಡನೆಯದು ರಂಜಕ, ಮೂರನೆಯದು ಪೊಟ್ಯಾಷ್‌ನ ಶೇಕಡಾವಾರು ಪ್ರಮಾಣ. 0-0-60 ಎಂದಿದ್ದರೆ ಮ್ಯುರಿಯೇಟ್, 0-0-50 ಎಂದಿದ್ದರೆ ಸಲ್ಫೇಟ್.

ಪೊಟ್ಯಾಷ್ ಗೊಬ್ಬರದ ಬಹುಪಾಲು ನಮ್ಮ ದೇಶಕ್ಕೆ ಹೊರಗಿನಿಂದಲೇ ಬರಬೇಕು. ಕೆನಡಾ, ರಷ್ಯಾ, ಬೆಲಾರುಸ್, ಜೋರ್ಡಾನ್ ಮುಂತಾದ ದೇಶಗಳ ಗಣಿಗಳಿಂದ, ಮೃತ ಸಮುದ್ರದ ನೀರಿನಿಂದ ಅದನ್ನು ತೆಗೆಯುತ್ತಾರೆ. ಅಲ್ಲೆಲ್ಲೋ ಯುದ್ಧವಾದರೆ ಇಲ್ಲಿ ಹುಣಸೂರಿನ ಅಂಗಡಿಯಲ್ಲಿ ಚೀಲದ ಬೆಲೆ ಏರುವುದು ಇದರಿಂದಾಗಿಯೇ. ಹೀಗಿರುವಾಗ ಮನೆಯಲ್ಲೇ ಇರುವ ಪೊಟ್ಯಾಸಿಯಂ ಅನ್ನು ಪೋಲು ಮಾಡಬಾರದು. ಭತ್ತದ ಗಿಡ ಹೀರಿದ ಪೊಟ್ಯಾಸಿಯಂನಲ್ಲಿ ಹೆಚ್ಚಿನ ಪಾಲು ಕಾಳಿಗೆ ಹೋಗದೆ ಹುಲ್ಲಿನಲ್ಲೇ ಉಳಿಯುತ್ತದೆ. ಕೆ.ಆರ್. ನಗರದಂತಹ ಭತ್ತದ ಸೀಮೆಯಲ್ಲಿ ಹುಲ್ಲು ದನಕ್ಕೆ ಹೋಗಿ, ಸಗಣಿ-ಗಂಜಳ ಗೊಬ್ಬರವಾಗಿ ಗದ್ದೆಗೆ ಮರಳಿದರೆ ಅಷ್ಟೂ ಉಳಿತಾಯ. ಕಟ್ಟಿಗೆಯ ಬೂದಿಯನ್ನೂ ಮಳೆಗೆ ನೆನೆಯದಂತೆ ಕೂಡಿಟ್ಟು ಬದನೆ, ಟೊಮೆಟೊ, ಬಾಳೆಯ ಬುಡಕ್ಕೆ ಒಂದೊಂದು ಹಿಡಿ ಹಾಕಬಹುದು. ಅತಿಯಾದರೆ ಮಣ್ಣು ಕ್ಷಾರವಾಗುತ್ತದೆ, ಆದ್ದರಿಂದ ಮಿತಿ ಇರಲಿ. ಪ್ಲಾಸ್ಟಿಕ್ ಸುಟ್ಟ ಬೂದಿ ಬೇಡವೇ ಬೇಡ. ಗಿಡದ ಹಳೆಯ ಎಲೆಗಳ ಅಂಚು ಹಳದಿಯಾಗಿ, ಆಮೇಲೆ ಸುಟ್ಟಂತೆ ಕಂದಾಗುತ್ತಿದ್ದರೆ ಪೊಟ್ಯಾಸಿಯಂ ಕೊರತೆ ಇರಬಹುದು ಎಂದು ತಿಳಿಯಿರಿ.

ಸೊಪ್ಪು ಮುರಿಯುವ ಕೈಗಳು

ಹೊಗೆಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟುವುದು, ದರ್ಜೆವಾರು ವಿಂಗಡಿಸುವುದು ಇವೆಲ್ಲ ಹೆಚ್ಚಾಗಿ ಹೆಂಗಸರ ಕೈಯಲ್ಲೇ ಆಗುವ ಕೆಲಸ. ಮಳೆಯಲ್ಲೋ ಇಬ್ಬನಿಯಲ್ಲೋ ನೆನೆದ ಹಸಿ ಸೊಪ್ಪನ್ನು ಹೊತ್ತ ದಿನ ತಲೆಸುತ್ತು, ವಾಂತಿ, ತಲೆನೋವು ಕಾಣಿಸಿಕೊಂಡರೆ "ಬಿಸಿಲಿಗೆ ಹೀಗಾಯಿತು" ಎಂದು ಸುಮ್ಮನಾಗಬೇಡಿ. ಇದಕ್ಕೆ ಕಾರಣ ಎಲೆಯಲ್ಲಿರುವ ನಿಕೋಟಿನ್. ಒದ್ದೆ ಎಲೆಯಿಂದ ಅದು ಚರ್ಮದ ಮೂಲಕವೇ ರಕ್ತಕ್ಕೆ ಸೇರುತ್ತದೆ. ಬೀಡಿ-ಸಿಗರೇಟು ಮುಟ್ಟದವರಿಗೂ ಇದು ತಪ್ಪಿದ್ದಲ್ಲ.

ಆದಷ್ಟು ಸೊಪ್ಪು ಒಣಗಿದ ಮೇಲೆ ಮುರಿಯಿರಿ. ಕೈಗವಸು, ತುಂಬು ತೋಳಿನ ಬಟ್ಟೆ, ಮೇಲೊಂದು ಪ್ಲಾಸ್ಟಿಕ್ ಹೊದಿಕೆ ಇರಲಿ. ಬಟ್ಟೆ ಒದ್ದೆಯಾದರೆ ಬದಲಿಸಿ. ಕೆಲಸ ಮುಗಿದ ಕೂಡಲೇ ಸೋಪಿನಿಂದ ಮೈ ತೊಳೆಯಿರಿ. ಆ ಕೈಯಲ್ಲಿ ಮಗುವನ್ನು ಎತ್ತಿಕೊಳ್ಳಬೇಡಿ. ಗರ್ಭಿಣಿಯರು ಮತ್ತು ಮಕ್ಕಳು ಈ ಕೆಲಸದಿಂದ ದೂರ ಇರಲೇಬೇಕು.

ವಾಂತಿ-ಭೇದಿಯಾದಾಗ ದೇಹದಿಂದ ನೀರಿನ ಜೊತೆ ಲವಣಗಳೂ ಹೋಗುತ್ತವೆ. ಪೊಟ್ಯಾಸಿಯಂ ಅವುಗಳಲ್ಲಿ ಮುಖ್ಯ. ಆಗ ಕೈಕಾಲು ಸೋತಂತೆ, ಮೀನಖಂಡ ಹಿಡಿದಂತೆ ಆಗುತ್ತದೆ. ಓಆರ್‌ಎಸ್ ಪುಡಿಯಲ್ಲಿ ಉಪ್ಪು ಮತ್ತು ಗ್ಲೂಕೋಸ್ ಜೊತೆ ಪೊಟ್ಯಾಸಿಯಂ ಕ್ಲೋರೈಡ್ ಇರುವುದು ಈ ನಷ್ಟ ತುಂಬಲೆಂದೇ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ 1 ಲೀಟರ್ ನೀರಿಗೆ ಅದು 1.5 ಗ್ರಾಂ. ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ, ಕುದಿಸಿ ಆರಿಸಿದ ನೀರಿಗೆ, ಇಡೀ ಪುಡಿಯನ್ನು ಹಾಕಿ. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಿಬಿಡಿ.

ಪೆಟ್ಲುಪ್ಪಿನ ಇತಿಹಾಸ

ಪೊಟ್ಯಾಸಿಯಂ ನೈಟ್ರೇಟ್‌ಗೆ ನಮ್ಮ ಹಿರಿಯರು ಪೆಟ್ಲುಪ್ಪು ಎನ್ನುತ್ತಿದ್ದರು. ಇದ್ದಿಲು, ಗಂಧಕ ಸೇರಿಸಿದರೆ ಅದೇ ಮದ್ದಿನಪುಡಿ. 13ನೇ ಶತಮಾನದಲ್ಲಿ ಸಿರಿಯಾ ಕಡೆಯ ಹಸನ್ ಅಲ್-ರಮ್ಮಾಹ್ ಎಂಬವರು ಪೆಟ್ಲುಪ್ಪನ್ನು ಕಟ್ಟಿಗೆಯ ಬೂದಿಯಿಂದ ಶುದ್ಧಗೊಳಿಸುವ ವಿಧಾನವನ್ನು ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಇಲ್ಲೂ ಮತ್ತೆ ಬೂದಿಯೇ ನೋಡಿ!

ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೇನೆ ಕಬ್ಬಿಣದ ಕೊಳವೆಗಳಲ್ಲಿ ಈ ಪುಡಿ ತುಂಬಿ ರಾಕೆಟ್ ಹಾರಿಸುತ್ತಿತ್ತು. 1780ರ ಪೊಲ್ಲಿಲೂರು ಕದನದಲ್ಲಿ ಅವು ಬ್ರಿಟಿಷರನ್ನು ಕಂಗೆಡಿಸಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಅವುಗಳ ಮಾದರಿಗಳನ್ನು ಇಂಗ್ಲೆಂಡಿಗೆ ಒಯ್ದರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಳೆಯ ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಇಂತಹ ರಾಕೆಟ್‌ಗಳು ಸಿಕ್ಕಿದವು. ಆ ಬಾವಿಯ ಮಣ್ಣಿಗೆ ಇನ್ನೂ ಮದ್ದಿನ ವಾಸನೆಯಿತ್ತು ಎಂದು ಆಗ ವರದಿಯಾಗಿತ್ತು.

ಮನೆಯ ಮೂಲೆ ಮೂಲೆಯಲ್ಲಿ

ಈಗ ಮನೆಯನ್ನೊಮ್ಮೆ ಸುತ್ತಿ ಬನ್ನಿ. ಬೆಂಕಿಕಡ್ಡಿಯ ತುದಿಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇದೆ. ಅಯೋಡಿನ್ ಉಪ್ಪಿನ ಪೊಟ್ಟಣ ತಿರುಗಿಸಿ ನೋಡಿದರೆ ಪೊಟ್ಯಾಸಿಯಂ ಅಯೋಡೇಟ್ ಎಂಬ ಹೆಸರು ಸಿಕ್ಕೀತು. ಗಳಗಂಡ ರೋಗ ತಡೆಯಲು ಬೇಕಾದ ಅಯೋಡಿನ್ ಉಪ್ಪಿಗೆ ಸೇರುವುದು ಅದರ ಮೂಲಕ. ಗಂಡಸರು ಕ್ಷೌರದ ಬಳಿಕ ಉಜ್ಜಿಕೊಳ್ಳುವ ಫಿಟ್ಕರಿ, ಅಂದರೆ ಪಟಿಕ, ಪೊಟ್ಯಾಸಿಯಂ ಮತ್ತು ಅಲ್ಯೂಮಿನಿಯಂ ಸೇರಿದ ಲವಣ. ಮಳೆಗಾಲದ ಕೆಂಪು ನೀರಿನಲ್ಲಿ ಪಟಿಕ ಆಡಿಸಿದರೆ ಮಣ್ಣು ತಳಕ್ಕೆ ಕೂರುತ್ತದೆ. ಆದರೆ ತಿಳಿಯಾದ ನೀರೆಲ್ಲ ಶುದ್ಧವಲ್ಲ, ಕುದಿಸಿಯೇ ಕುಡಿಯಬೇಕು. ನೇರಳೆ ಹರಳಿನ ಪೊಟ್ಯಾಸಿಯಂ ಪರ್ಮಾಂಗನೇಟ್ ಕೆಲವು ಮನೆಗಳಲ್ಲಿ ಇನ್ನೂ ಇರುತ್ತದೆ. ಹರಳು ನೇರವಾಗಿ ತಗುಲಿದರೆ ಚರ್ಮ ಸುಡುತ್ತದೆ, ಗ್ಲಿಸರಿನ್ ಜೊತೆ ಸೇರಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಮಕ್ಕಳ ಕೈಗೆ ಸಿಗದಂತೆ ಇಡಿ.

ಬೂದಿ ಪಾತ್ರೆಯನ್ನು ಹೇಗೆ ಶುಚಿ ಮಾಡುತ್ತಿತ್ತು? ಬೂದಿಯ ಪೊಟ್ಯಾಸಿಯಂ ಕಾರ್ಬೊನೇಟ್ ಕ್ಷಾರ. ಅದು ಜಿಡ್ಡಿನೊಂದಿಗೆ ಸೇರಿ ಅಲ್ಲೇ ಸ್ವಲ್ಪ ಸೋಪನ್ನು ಹುಟ್ಟಿಸುತ್ತದೆ. ಪೊಟ್ಯಾಸಿಯಂ ಕ್ಷಾರದಿಂದ ಮಾಡಿದ ಸೋಪು ಮೆತ್ತಗೆ, ಸೋಡಿಯಂ ಕ್ಷಾರದ್ದು ಗಟ್ಟಿ. ಕೈತೊಳೆಯುವ ಹಲವು ದ್ರವ ಸೋಪುಗಳು ಪೊಟ್ಯಾಸಿಯಂ ಬಳಗದವು.

ಬ್ರೆಡ್ ಉಬ್ಬಲು ಬೇಕರಿಗಳಲ್ಲಿ ಬಳಸುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟ್ ಅನ್ನು ಮಾತ್ರ ನಮ್ಮ ದೇಶದಲ್ಲಿ 2016ರಲ್ಲಿ ನಿಷೇಧಿಸಲಾಯಿತು. ಕ್ಯಾನ್ಸರಿನ ಶಂಕೆ ಅದಕ್ಕೆ ಕಾರಣ. ಜೊತೆಗೂಡಿದ ಧಾತು ಬದಲಾದರೆ ಒಳಿತು-ಕೆಡುಕೂ ಬದಲಾಗುತ್ತದೆ.

ಎದೆಯ ಬಡಿತದಲ್ಲಿ

ವಯಸ್ಕರ ದೇಹದಲ್ಲಿ ಸುಮಾರು 120ರಿಂದ 140 ಗ್ರಾಂ ಪೊಟ್ಯಾಸಿಯಂ ಇರುತ್ತದೆ. ಅದರಲ್ಲಿ ಶೇಕಡಾ 98ರಷ್ಟು ಜೀವಕೋಶಗಳ ಒಳಗೆ. ಸೋಡಿಯಂ ಹೊರಗೆ, ಪೊಟ್ಯಾಸಿಯಂ ಒಳಗೆ ಎಂಬುದು ದೇಹದ ನಿಯಮ. ಕೋಶದ ಗೋಡೆಯಲ್ಲಿರುವ ಪುಟ್ಟ ಪಂಪೊಂದು ಹಗಲಿರುಳೂ 3 ಸೋಡಿಯಂ ಕಣಗಳನ್ನು ಹೊರಗೆ ತಳ್ಳಿ 2 ಪೊಟ್ಯಾಸಿಯಂ ಕಣಗಳನ್ನು ಒಳಗೆ ಸೇರಿಸುತ್ತಿರುತ್ತದೆ. ಇದನ್ನು 1957ರಲ್ಲಿ ಕಂಡುಹಿಡಿದ ಡೆನ್ಮಾರ್ಕಿನ ಜೆನ್ಸ್ ಸ್ಕೌ ಅವರಿಗೆ 1997ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಈ ಒಳ-ಹೊರಗಿನ ವ್ಯತ್ಯಾಸದಿಂದಲೇ ನರಗಳಲ್ಲಿ ಸಂದೇಶ ಹರಿಯುತ್ತದೆ, ಸ್ನಾಯು ಬಿಗಿಯುತ್ತದೆ, ಹೃದಯ ಬಡಿಯುತ್ತದೆ.

ಆರೋಗ್ಯವಂತ ವಯಸ್ಕರು ದಿನಕ್ಕೆ ಕನಿಷ್ಠ 3510 ಮಿಲಿಗ್ರಾಂ ಪೊಟ್ಯಾಸಿಯಂ ಪಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 400, ಒಂದು ಲೋಟ ಎಳನೀರಿನಲ್ಲಿ 400ರಿಂದ 500, 100 ಗ್ರಾಂ ಖರ್ಜೂರದಲ್ಲಿ 650ಕ್ಕೂ ಹೆಚ್ಚು ಮಿಲಿಗ್ರಾಂ ಇದೆ. ಆಲೂಗಡ್ಡೆ, ಸೊಪ್ಪು, ಬೇಳೆಕಾಳುಗಳಲ್ಲೂ ಧಾರಾಳ. ಹೆಚ್ಚಿನವರ ತೊಂದರೆ ಏನೆಂದರೆ ಉಪ್ಪಿನಕಾಯಿ, ಹಪ್ಪಳ, ಕರಿದ ತಿಂಡಿಗಳಿಂದ ಸೋಡಿಯಂ ಅತಿಯಾಗಿ, ಹಣ್ಣು-ತರಕಾರಿ ಕಡಿಮೆಯಾಗಿ ರಕ್ತದೊತ್ತಡ ಏರುವುದು. ಚೀನಾದ 600 ಹಳ್ಳಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾಮಾನ್ಯ ಉಪ್ಪಿನ ಕಾಲು ಭಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿ ಕೊಟ್ಟಾಗ ಪಾರ್ಶ್ವವಾಯು ಶೇಕಡಾ 14ರಷ್ಟು ಕಡಿಮೆಯಾಯಿತು.

ಮೂತ್ರಪಿಂಡ ಸೋತವರಿಗೆ ಎಚ್ಚರಿಕೆ

ಈ ಭಾಗವನ್ನು ದಯವಿಟ್ಟು ಮನೆಯವರೆಲ್ಲರಿಗೂ ಓದಿ ಹೇಳಿ. ಹೆಚ್ಚಾದ ಪೊಟ್ಯಾಸಿಯಂ ಅನ್ನು ದೇಹದಿಂದ ಹೊರಹಾಕುವುದು ಮುಖ್ಯವಾಗಿ ಮೂತ್ರಪಿಂಡ. ಬಹುಕಾಲದ ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡದಿಂದ ಮೂತ್ರಪಿಂಡ ಸೋತಿದ್ದರೆ ಪೊಟ್ಯಾಸಿಯಂ ರಕ್ತದಲ್ಲೇ ಉಳಿಯುತ್ತದೆ. ರಕ್ತದಲ್ಲಿ ಅದು ಲೀಟರಿಗೆ 3.5ರಿಂದ 5 ಮಿಲಿಮೋಲ್‌ಗಳ ನಡುವೆ ಇರಬೇಕು. ಮಿತಿ ಮೀರಿ ಏರಿದರೆ ಹೃದಯದ ಬಡಿತ ತಪ್ಪುತ್ತದೆ, ನಿಂತೂ ಹೋಗಬಹುದು. ಇದು ಯಾವ ಸೂಚನೆಯನ್ನೂ ಕೊಡದೆ ಬರಬಹುದು. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ.

ಆದ್ದರಿಂದ 'ಕಡಿಮೆ ಸೋಡಿಯಂ' ಉಪ್ಪು ಎಲ್ಲರಿಗೂ ಒಳ್ಳೆಯದು ಎಂದು ತಿಳಿಯಬೇಡಿ. ಅದರಲ್ಲಿ ಸೋಡಿಯಂ ಬದಲಿಗೆ ಸೇರಿರುವುದು ಪೊಟ್ಯಾಸಿಯಂ. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಇಂತಹ ಉಪ್ಪನ್ನು ವಯಸ್ಕರಿಗೆ ಶಿಫಾರಸು ಮಾಡಿದರೂ, ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ಮತ್ತು ಮಕ್ಕಳಿಗೆ ಆ ಸಲಹೆ ಅನ್ವಯಿಸುವುದಿಲ್ಲ ಎಂದು ಹೇಳಿದೆ. ಒಂದೇ ಪಾತ್ರೆಯಲ್ಲಿ ಅಡುಗೆಯಾಗುವ ಕೂಡು ಕುಟುಂಬದಲ್ಲಿ ಒಬ್ಬರಿಗೆ ಮೂತ್ರಪಿಂಡದ ಕಾಯಿಲೆ ಇದ್ದರೂ ಆ ಉಪ್ಪು ಬೇಡ. ಇನ್ನು ಇಂದುಪ್ಪು, ಗುಲಾಬಿ ಉಪ್ಪು ಬಹುತೇಕ ಸೋಡಿಯಂ ಕ್ಲೋರೈಡೇ. ಅದರಿಂದ ರಕ್ತದೊತ್ತಡ ಇಳಿಯದು.

ರಮಝಾನಿನಲ್ಲಿ ಇನ್ನಷ್ಟು ಎಚ್ಚರ ಬೇಕು. ದಿನವಿಡೀ ಉಪವಾಸವಿದ್ದು ಸಂಜೆ ಒಮ್ಮೆಗೇ ಖರ್ಜೂರ, ಎಳನೀರು, ಬಾಳೆಹಣ್ಣು, ಹಣ್ಣಿನ ರಸ ಸೇವಿಸುವುದು ಆರೋಗ್ಯವಂತರಿಗೆ ಚೈತನ್ಯ ಕೊಡುತ್ತದೆ. ಮೂತ್ರಪಿಂಡ ಸೋತವರಿಗೆ ಅದೇ ಅಪಾಯವಾಗಬಹುದು. ರೋಗಿಗಳಿಗೆ ಉಪವಾಸದಿಂದ ರಿಯಾಯಿತಿ ಇದೆ. ಉಪವಾಸ ಹಿಡಿಯಬಹುದೇ, ಎಷ್ಟು ಖರ್ಜೂರ ತಿನ್ನಬಹುದು ಎಂಬುದನ್ನು ರಮಝಾನ್‌ಗೆ ಮೊದಲೇ ರಕ್ತ ಪರೀಕ್ಷೆ ಮಾಡಿಸಿ ವೈದ್ಯರನ್ನು ಕೇಳಿ. "ಅಮ್ಮೀ, ಇನ್ನೊಂದು ತಿನ್ನಿ" ಎಂಬ ಪ್ರೀತಿಯ ಒತ್ತಾಯವೂ ಅಂಥವರಿಗೆ ಬೇಡ.

ಅವರಿಗಾಗಿ ತರಕಾರಿಯನ್ನು ಸಿಪ್ಪೆ ತೆಗೆದು, ಸಣ್ಣದಾಗಿ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಿ ಬಳಸಿದರೆ ಪೊಟ್ಯಾಸಿಯಂ ಒಂದಷ್ಟು ಕಡಿಮೆಯಾಗುತ್ತದೆ. ಉಳಿದವರ ಅಡುಗೆಗೆ ಹೀಗೆ ಮಾಡಬೇಡಿ, ಸತ್ವ ನೀರಿಗೆ ಹೋಗುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ವರ್ಷಕ್ಕೊಮ್ಮೆಯಾದರೂ ಮೂತ್ರಪಿಂಡದ ಪರೀಕ್ಷೆ ಮಾಡಿಸಲಿ. ಚೀಟಿಯಲ್ಲಿ ಕ್ರಿಯಾಟಿನಿನ್ ಜೊತೆ ಪೊಟ್ಯಾಸಿಯಂ ಎಷ್ಟಿದೆ ಎಂದು ನೀವೇ ಓದಿ ನೋಡಿ, ಅರ್ಥವಾಗದಿದ್ದರೆ ವೈದ್ಯರನ್ನು ಕೇಳಿ.

ಹೊಲಕ್ಕೆ ಹಾಕುವ ಪೊಟ್ಯಾಷ್ ಚೀಲವಿರಲಿ, ತಟ್ಟೆಯಲ್ಲಿರುವ ಖರ್ಜೂರವಿರಲಿ, ಯಾರಿಗೆ ಎಷ್ಟು ಬೇಕು ಎಂದು ತಿಳಿದು ಕೊಟ್ಟರೆ ಅದು ಬದುಕಿಗೆ ಬಲ. ಅಡುಗೆಮನೆಯ ಉಪ್ಪಿನ ಪೊಟ್ಟಣದ ಹಿಂಬದಿಯನ್ನು ಇವತ್ತೇ ಒಮ್ಮೆ ಓದಿಬಿಡಿ.